ನಡೆಯುವುದು ಅತ್ತೆ, ನೋಡುವುದು ಅಳಿಯ

ಆ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಮೀಟರಣ್ಣ ಎಂದೇ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಜೀವ ಹಿಡಿದುಕೊಂಡಿದೆ. ಊರಿನ ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಟವೆಲು, ಸಲೂನುಗಳ ಬಿಳಿ ಬಟ್ಟೆ ಎಲ್ಲವೂ ಮೂಟೆ ಮೂಟೆಯಾಗಿ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ಅಷ್ಟನ್ನೂ ಒಗೆದು ಇಸ್ತ್ರಿ ಮಾಡಲು ಬೇಕಾದ ಹಬೆ ಹುಟ್ಟುವುದು ಹಿಂದುಗಡೆಯ ಬಾಯ್ಲರ್ ಕೋಣೆಯಲ್ಲಿ. ಆ ಬಾಯ್ಲರನ್ನು ಕಾಯುವವನು ಇವನು. ಗೋಡೆಯ ಮೇಲೊಂದು ಗುಂಡು ಮೀಟರು, ಅದರೊಳಗೊಂದು ಮುಳ್ಳು. ಮುಳ್ಳು ಹಸಿರು ಪಟ್ಟೆಯೊಳಗಿದ್ದರೆ ಕುರ್ಚಿಯಲ್ಲಿ ಕೂತಿರಬೇಕು, ಆಚೆ ಜಾರಿದರೆ ಎದ್ದು ವಾಲ್ವು ತಿರುಗಿಸಬೇಕು. ಇಷ್ಟೇ ಕೆಲಸ. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಇಡೀ ಷಿಫ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೇ ಮುಳ್ಳನ್ನು ನೋಡುತ್ತ ಕೂತು ನೋಡಿ, ಆಮೇಲೆ ಮಾತಾಡೋಣ.

ತೊಂದರೆ ಏನೆಂದರೆ, ಷಿಫ್ಟು ಮುಗಿದರೂ ಆ ಕಣ್ಣು ಮೀಟರು ಬಿಟ್ಟು ಮನೆಗೆ ಬರುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ತಿನ್ನಲು ಏನಿದೆ ಎಂದು ಯಾರಾದರೂ ನೋಡುತ್ತಾರೆ; ಇವನು ಎಷ್ಟು ಡಿಗ್ರಿ ಇದೆ ಎಂದು ನೋಡಿ ಬಾಗಿಲು ಮುಚ್ಚುತ್ತಿದ್ದ. ಲಿಫ್ಟಿನಲ್ಲಿ ಪಕ್ಕದ ಮನೆಯವರು ನಕ್ಕರೆ ಇವನ ದೃಷ್ಟಿ ಮಹಡಿಯ ಅಂಕಿಯ ಮೇಲೆ. "ಮದುವೆ ಮಾತಾಡೋಕೆ ಬಂದ ದಿನ ನನ್ನ ಮುಖ ನೋಡೋ ಮೊದಲು ಫ್ಯಾನಿನ ರೆಗ್ಯುಲೇಟರ್ ಎಷ್ಟರಲ್ಲಿದೆ ಅಂತ ನೋಡಿದ ಮಹಾನುಭಾವ್ರು ಇವ್ರು" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಅವನು ಅಲ್ಲಗಳೆದಿಲ್ಲ. "ಮೂರರಲ್ಲಿತ್ತು" ಎನ್ನುತ್ತಾನೆ.

ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಗಟ್ಟಿ ಗಂಟಲು, ಗಟ್ಟಿ ಎದೆ. ಕಲಿಯಲು ಬಂದವರು ಬೆದರಿ ಸ್ಪೀಡಿನ ಮುಳ್ಳನ್ನೇ ನೋಡುತ್ತ ಕೂತರೆ ಅವಳ ಹತ್ತಿರ ಒಂದು ಮದ್ದಿತ್ತು. ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಪರ್ಸಿನಿಂದ ತೆಗೆದು ಟಪ್ಪೆಂದು ಆ ಮುಳ್ಳಿನ ಮೇಲೆ ಅಂಟಿಸಿಬಿಡುವಳು. "ಕಣ್ಣು ರಸ್ತೆ ಮೇಲಿರ್ಲಿ. ಎಷ್ಟು ಜೋರಾಗಿ ಹೋಗ್ತಿದೀವಿ ಅನ್ನೋದು ಹೊಟ್ಟೆಗೇ ಗೊತ್ತಾಗುತ್ತೆ" ಎನ್ನುವಳು. ಆ ಪ್ಲಾಸ್ಟರು ಒಂದು ದಿನ ಮನೆಯೊಳಗೂ ಬರುತ್ತದೆ. ಸ್ವಲ್ಪ ತಾಳಿ, ಮೊದಲು ಅತ್ತೆ ಬರಬೇಕು.

ಅತ್ತೆ ಎಂದರೆ ಹೆಂಡತಿಯ ತಾಯಿ, ಅವರ ಜೊತೆಯಲ್ಲೇ ಇರುವವರು. ಜೀವಮಾನವಿಡೀ ಟೈಪಿಂಗ್ ಕಲಿಸಿದ ಟೀಚರು. ಕೀಲಿಗಳನ್ನು ನೋಡುತ್ತ ಟೈಪ್ ಮಾಡುವ ಮಕ್ಕಳ ಕೈಮೇಲೆ ಕರವಸ್ತ್ರ ಹೊದಿಸಿ ಬೆರಳಾಡಿಸಿ ಎಂದು ಗದರಿಸಿದ ಹೆಂಗಸು. ಈಗ ಮಂಡಿ ಕೈಕೊಟ್ಟಿದೆ. ಹಾಸಿಗೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಕಿಟಕಿ, ಅಲ್ಲಿಗೆ ಅವರ ಪ್ರಪಂಚ ಪ್ರದಕ್ಷಿಣೆ ಮುಗಿಯುತ್ತದೆ. ಆದರೆ ಬಾಯಿಗೆ ಮಂಡಿನೋವಿಲ್ಲ.

ಮನೆಗೆ ಕಂಪ್ಯೂಟರು ಬಂದದ್ದು ಹೆಂಡತಿಯ ಶಾಲೆಯ ಪಾಠಗಳಿಗೆಂದು. ಯಾರೋ ಬಳಸಿ ಮಾರಿದ್ದನ್ನು ಅಂಗಡಿಯವನು ತಂದು ಜೋಡಿಸಿದ. ಅದರೊಳಗೆ ಒಂದು ಆಟವೂ ಇತ್ತು. ಟೊಪ್ಪಿ ಹಾಕಿದ ಪ್ರಯಾಣಿಕನೊಬ್ಬ ಒಂದು ದ್ವೀಪದ ಈ ತುದಿಯಲ್ಲಿ ದೋಣಿ ಇಳಿದು, ಕಾಡು ಹೊಳೆ ಗುಡ್ಡ ದಾಟಿ, ಆ ತುದಿಯ ಲೈಟ್‌ಹೌಸ್ ಮುಟ್ಟಬೇಕು. ಹೊಡೆದಾಟವಿಲ್ಲ, ಗುಂಡಿಲ್ಲ. ನಡೆಯುವುದು, ನೋಡುವುದು, ಅಷ್ಟೇ. ಬೆಳಗಿನ ಷಿಫ್ಟು ಮುಗಿಸಿ ಮಧ್ಯಾಹ್ನ ಮನೆಗೆ ಬರುತ್ತಿದ್ದ ಮೀಟರಣ್ಣ ಹೆಂಡತಿ ಬರುವವರೆಗೆ ಹೊತ್ತು ಹೋಗದೆ ಅದನ್ನು ಶುರು ಮಾಡಿದ. ಎರಡೇ ಬೆರಳಲ್ಲಿ ಟಕ್, ಟಕ್ ಎಂದು ಕೀಲಿ ಕುಟ್ಟುವ ಸದ್ದು ಒಳಗಿದ್ದ ಟೀಚರ ಎದೆಗೇ ಕುಟ್ಟಿದಂತಾಯಿತು.

"ಅಳಿಯಂದ್ರೇ, ಅದೇನು ಮೊಳೆ ಹೊಡೀತಿದೀರಾ? ಸರೀರಿ ಆಚೆ!"

ಹೀಗೆ ಕೀಬೋರ್ಡು ಅತ್ತೆಯ ಕೈಗೆ ಹೋಯಿತು. ಮೌಸನ್ನು ಮಾತ್ರ ಅವರು ಮುಟ್ಟಲೊಲ್ಲರು. "ನಮ್ಮ ಕಾಲದ ಟೈಪ್‌ರೈಟರಿಗೆ ಇಂಥ ಬಾಲ ಇರ್ಲಿಲ್ಲ" ಎಂದರು. ಸರಿ, ಮೌಸು ಅಳಿಯನಿಗೆ. ಆ ಆಟದಲ್ಲಿ ಕೀಲಿ ಒತ್ತಿದರೆ ಪ್ರಯಾಣಿಕ ನಡೆಯುತ್ತಾನೆ, ಮೌಸು ತಿರುಗಿಸಿದರೆ ಕತ್ತು ತಿರುಗಿಸಿ ನೋಡುತ್ತಾನೆ. ಒಂದೇ ದೇಹದಲ್ಲಿ ಕಾಲು ಅತ್ತೆಯದು, ಕಣ್ಣು ಅಳಿಯನದು. ಎಲ್ಲಿ ನೋಡಿದ್ದೀರಿ ಇಂಥ ಸಂಸಾರ!

ಇನ್ನು ಆ ಅಂಕಿ. ಕಂಪ್ಯೂಟರ್ ಜೋಡಿಸಿದ ದಿನ ಅಂಗಡಿಯವನು ತನ್ನ ಸರಕಿನ ಹೆಚ್ಚುಗಾರಿಕೆ ತೋರಿಸಲು ಪರದೆಯ ಎಡಮೂಲೆಯಲ್ಲಿ ಹಸಿರು ಅಂಕಿಯೊಂದು ಬರುವಂತೆ ಮಾಡಿದ್ದ. "ನೋಡಿ ಸಾರ್, ಕಂಪ್ಯೂಟರು ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬರೆದು ತೋರಿಸ್ತಿದೆ ಅನ್ನೋ ಲೆಕ್ಕ ಇದು. ಫ್ರೇಮ್ ರೇಟ್ ಅಂತಾರೆ. ಅರವತ್ತಿದ್ರೆ ಆಟ ಬೆಣ್ಣೆ. ಇಳೀತು ಅಂದ್ರೆ ಕುಂಟುತ್ತೆ." ಹೇಳಿ, ತೋರಿಸಿ, ಅದನ್ನು ತೆಗೆಯುವುದು ಮರೆತು ಹೋದ ಪುಣ್ಯಾತ್ಮ. ಮೀಟರಣ್ಣನ ಮನೆಯಲ್ಲಿ, ಮೀಟರಣ್ಣನ ಕಣ್ಣೆದುರು, ಹಸಿರು ಬಣ್ಣದ ಒಂದು ಅಂಕಿ! ಬೇರೆ ಹೇಳಬೇಕೆ? ಅಂದಿನಿಂದ ದ್ವೀಪ ಎತ್ತ ಹೋಯಿತೋ, ಇವನ ಕಣ್ಣು ಮೂಲೆಯಲ್ಲೇ ಠಿಕಾಣಿ ಹೂಡಿತು.

ಬಯಲಲ್ಲಿ ಅರವತ್ತು. ಕಾಡು ಹೊಕ್ಕರೆ ನಲವತ್ತು. ಹೊಳೆಯ ಹತ್ತಿರ ಮೂವತ್ತೈದು, ಇವನಿಗೆ ಜೀವವೇ ಬಾಯಿಗೆ ಬರುತ್ತಿತ್ತು. ಹೀಗೆ ಒದ್ದಾಡುತ್ತಿರುವಾಗ ಒಂದು ದಿನ ಅಪ್ಪಿತಪ್ಪಿ ಮೌಸು ಕೆಳಗೆ ಜಾರಿ ಪ್ರಯಾಣಿಕ ತನ್ನ ಬೂಟು ನೋಡುತ್ತ ನಿಂತ. ಅಂಕಿ ನೂರ ಹತ್ತಕ್ಕೆ ಹಾರಿತು! ಅವನಿಗೆ ರೋಮಾಂಚನವಾಯಿತು. ಮರ ಹೊಳೆ ಮೋಡ ತೋರಿಸುವ ಕೆಲಸವಿಲ್ಲದಿದ್ದರೆ ಕಂಪ್ಯೂಟರಿಗೆ ಭಾರ ಕಡಿಮೆ. ಹಬೆ ಎಳೆಯುವ ಯಂತ್ರ ಕಡಿಮೆಯಾದರೆ ಮುಳ್ಳು ಏರುವ ಬಾಯ್ಲರಿನ ನ್ಯಾಯವೂ ಅದೇ ತಾನೆ? ಅಂದಿನಿಂದ ನಮ್ಮ ಪ್ರಯಾಣಿಕ ತಲೆ ತಗ್ಗಿಸಿ, ತಪ್ಪು ಮಾಡಿದವನ ಹಾಗೆ ನೆಲ ನೋಡುತ್ತಲೇ ನಡೆಯತೊಡಗಿದ. ನೆಲ ಬೇಜಾರಾದರೆ ಗೋಡೆ. ದ್ವೀಪದಲ್ಲಿ ಪಾಳು ಕೋಟೆಯೊಂದಿತ್ತು. ಅದರ ಒಂದು ಗೋಡೆಗೆ ಮೂಗು ತಾಗಿಸಿ ಒಂದು ಮಧ್ಯಾಹ್ನವನ್ನೇ ಕಳೆದರು. ನೂರ ಮೂವತ್ತು ಬಂತು ಎಂದು ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವರಿಗೆಲ್ಲ ಹೇಳಿಕೊಂಡು ಬಂದ.

ಅಷ್ಟಕ್ಕೂ ಸುಮ್ಮನಾಗಲಿಲ್ಲ. ಆಟದ ಸೆಟ್ಟಿಂಗಿನಲ್ಲಿ ಹುಲ್ಲು, ನೆರಳು, ಮೋಡ ಎಂದು ಒಂದೊಂದಕ್ಕೂ ಒಂದು ಗುಂಡಿಯಿತ್ತು. ಮೊದಲು ನೆರಳು ತೆಗೆದ. ಆಮೇಲೆ ಹುಲ್ಲು ಕಿತ್ತ. ಮರದ ಎಲೆ ಇಳಿಸಿದ. ಕೊನೆಗೆ ಸಮುದ್ರ ನೀಲಿ ಟಾರ್ಪಾಲು ಹಾಸಿದ ಹಾಗಾಯಿತು. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಎಷ್ಟು ಒಳ್ಳೆಯವರು, ನನ್ನ ಕಷ್ಟ ಅರ್ಥವಾಗಿದೆ ಎಂದುಕೊಂಡ.

ಆದರೆ ಅತ್ತೆ ಕೇಳುತ್ತಿದ್ದರು. ಹೆಜ್ಜೆಗೊಮ್ಮೆ ಕೇಳುತ್ತಿದ್ದರು.

"ಮುಂದೆ ಏನಿದೆ ಅಳಿಯಂದ್ರೇ?"

"ತೊಂಬತ್ತೆಂಟು ಅತ್ತೆ!"

"ದಾರಿ ಇದೆಯಾ ಅಂತ ಕೇಳ್ದೆ."

"ನೂರ ಎರಡು!"

ಮರುಕ್ಷಣ ದೊಪ್! ಪ್ರಯಾಣಿಕ ಹೊಳೆಯಲ್ಲಿ. ಅತ್ತೆಗೆ ರೇಗುತ್ತಿತ್ತು. "ಹೀಗಾದ್ರೆ ಲೈಟ್‌ಹೌಸ್ ಸೇರಿದ ಹಾಗೇ ಇದೆ. ಬೇಗ ಬೇಗ ಹೋಗೋಣ ಅಂದ್ರೆ..." ಎಂದು ಗೊಣಗುತ್ತಿದ್ದರು. ಆಟಕ್ಕೆ ಅದೇನು ಅವಸರ ಎಂದು ಅವನಿಗೆ ಹೊಳೆಯುತ್ತಿರಲಿಲ್ಲ. ಒಂದು ವಿಷಯ ಮಾತ್ರ ಸಮಾಧಾನ. ಅವನು ಬಗ್ಗಿ ವೈರು ಸರಿ ಮಾಡುವಾಗಲೋ ಕನ್ನಡಕ ಒರೆಸುವಾಗಲೋ "ಎಷ್ಟಿದೆ ಅತ್ತೆ?" ಎಂದರೆ, ಅವರು ತಟ್ಟನೆ "ಅರವತ್ತು" ಎನ್ನುತ್ತಿದ್ದರು. ಎಂದೂ ಒಂದು ಕಡಿಮೆ ಹೇಳಿದವರಲ್ಲ.

ರಜೆಯ ದಿನ ಹೆಂಡತಿ ಬಾಗಿಲಿಗೆ ಒರಗಿ ಈ ನಾಟಕ ನೋಡಿದಳು. ಪ್ರಯಾಣಿಕ ಬೂಟು ನೋಡುತ್ತ ಹೋಗಿ ಮೂರನೆಯ ಸಲ ನೀರಿಗೆ ಬಿದ್ದ. ಅತ್ತೆ ಕೈಚೆಲ್ಲಿ ಸ್ನಾನಕ್ಕೆ ಎದ್ದು ಹೋದರು. ಹೆಂಡತಿ ಪರ್ಸು ತೆಗೆದಳು.

"ಬೇಡ ಕಣೇ! ಬೇಡ!"

ಟಪ್. ಪರದೆಯ ಎಡಮೂಲೆ ಪ್ಲಾಸ್ಟರಿನಡಿ ಹೋಯಿತು.

"ಕಿತ್ತರೆ ಗೊತ್ತಲ್ಲ" ಎಂದಳು. ಗೊತ್ತಿತ್ತು.

ಮರುದಿನ ಮಧ್ಯಾಹ್ನ ಮೀಟರಣ್ಣ ಮುಖ ಊದಿಸಿಕೊಂಡು ಮೌಸು ಹಿಡಿದು ಕೂತ. ಮಾತಿಲ್ಲ, ಕತೆಯಿಲ್ಲ. ಅತ್ತೆ ಸ್ವಲ್ಪ ದೂರ ನಡೆದರು. ಅಳಿಯನ ಮೌನ ಅವರಿಗೆ ಸರಿಬರಲಿಲ್ಲ. ನಿನ್ನೆ ಸಿಟ್ಟು ಮಾಡಿಕೊಂಡು ಎದ್ದು ಹೋದೆನಲ್ಲ, ಪಾಪ, ನೊಂದುಕೊಂಡಿರಬೇಕು ಎನ್ನಿಸಿತೇನೋ. ಪರದೆಯ ಎಡಮೂಲೆಗೆ ಮುಖ ತಿರುಗಿಸಿ, ಅಕ್ಕರೆಯಿಂದ ಹೇಳಿದರು:

"ನೋಡಿ ಅಳಿಯಂದ್ರೇ, ಇವತ್ತು ಅರವತ್ತು ಹೇಗೆ ಗಟ್ಟಿಯಾಗಿ ನಿಂತಿದೆ!"

ಅವನು ಅತ್ತೆಯನ್ನು ನೋಡಿದ. ಪ್ಲಾಸ್ಟರನ್ನು ನೋಡಿದ. ಮತ್ತೆ ಅತ್ತೆಯನ್ನು ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ.

"ನಿಮಗೆ... ಕಾಣ್ತಾ ಇದೆಯಾ ಅತ್ತೆ?"

"ಕಾಣದೆ ಏನು? ಹಸಿರಾಗಿ, ಚೆನ್ನಾಗಿ."

ಕಿತ್ತ ಹುಲ್ಲು, ಉದುರಿಸಿದ ಎಲೆ, ಟಾರ್ಪಾಲಾದ ಸಮುದ್ರ ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಮುಂದೆ ಏನಿದೆ, ದಾರಿ ಇದೆಯಾ ಎಂದು ಕೇಳಿದ ಆ ಒಂದೊಂದು ಪ್ರಶ್ನೆಯೂ ಬಂತು. ತಾನು ಕೊಟ್ಟ ಉತ್ತರಗಳೂ ಬಂದವು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಅತ್ತೆ, ಅಂಕಿ ಮೇಲೆ ಪ್ಲಾಸ್ಟರ್ ಅಂಟಿಸಿದೆ. ನಿನ್ನೆಯಿಂದ."

ಕೀಲಿಗಳ ಮೇಲಿದ್ದ ಬೆರಳು ನಿಂತವು. ಪರದೆಯೊಳಗೆ ಪ್ರಯಾಣಿಕನೂ ನಿಂತ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ತಪ್ಪು ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕರು.

"ಕೆಲವು ತಿಂಗಳಾಯ್ತು. ಏನು ನೋಡಿದ್ರೂ ನಡುವೆ ಒಂದು ಮಸುಕು, ಸುತ್ತ ಅಂಚು ಮಾತ್ರ. ಈಗ ನಿಮ್ಮ ಮುಖ ನೋಡಿದ್ರೆ ಎರಡು ಕಿವಿ ಇವೆ, ಮಧ್ಯ ಮೂಗಿಲ್ಲ. ಅಂಥ ನಷ್ಟ ಏನೂ ಅನ್ನಿಸ್ಲಿಲ್ಲ ಬಿಡಿ."

"ಅತ್ತೆ!"

"ಅವಳಿಗೆ ಹೇಳ್ಬೇಡಿ. ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಾಳೆ. ಡಾಕ್ಟ್ರು ಪರದೆ ನೋಡ್ಬೇಡಿ ಅಂತಾರೆ. ಮಂಡಿ ಹೋಯ್ತು, ಆಗ್ಲಿ ಅಂತ ಸುಮ್ನಿದ್ದೆ. ಇದರೊಳಗೆ ಮಾತ್ರ ನಾನು ಓಡೋದು ಅಳಿಯಂದ್ರೇ. ಪೂರ್ತಿ ಕತ್ತಲಾಗೋದ್ರೊಳಗೆ ಆ ಲೈಟ್‌ಹೌಸ್ ಒಂದು ಮುಟ್ಟಿಬಿಟ್ರೆ ಸಾಕಾಗಿತ್ತು."

ಆದರೆ ಅವನು ಬಾಯ್ಲರ್ ಕಾಯುವವನು. ಮುಳ್ಳು ಜಾರಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡು ಕೂರುವುದು ಅವನ ಜಾಯಮಾನದಲ್ಲಿಲ್ಲ. ಸಂಜೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟ.

ಅವಳು ನಂಬಲಿಲ್ಲ. ಕಲಿಯುವವರ ಕಣ್ಣು ಪರೀಕ್ಷಿಸುವ ಹಾಗೇ ತಾಯಿಯನ್ನು ಲಿಫ್ಟಿನಲ್ಲಿ ಕೆಳಗಿಳಿಸಿ ಗೇಟಿನ ಹತ್ತಿರ ನಿಲ್ಲಿಸಿದಳು. "ಎದುರಿಗಿರೋ ಕಾರಿನ ನಂಬರ್ ಓದಮ್ಮ."

ಅತ್ತೆ ಒಂದಕ್ಷರ ತಪ್ಪದೆ ಗಡಗಡ ಓದಿದರು. ಹೆಂಡತಿ ಗಂಡನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು.

"ಅದು ನಿನ್ನ ಶಾಲೆ ಕಾರು ಕಣೇ. ದಿನಾ ಇಲ್ಲೇ ನಿಲ್ಲುತ್ತಲ್ಲ, ಅವರಿಗೆ ಬಾಯಿಪಾಠ ಆಗಿದೆ" ಎಂದ ಅವನು. "ಪಕ್ಕದ್ದು ಓದ್ಸು."

ಪಕ್ಕದ ಕಾರಿನ ಮುಂದೆ ಅತ್ತೆ ಬಹಳ ಹೊತ್ತು ನಿಂತರು. "ಇದು ಯಾರದು, ಕೊಳೆ ಕಾರು, ತೊಳೆಯೋದೇ ಇಲ್ವೇನೋ" ಎಂದರು. ಕಾರು ಫಳಫಳ ಹೊಳೆಯುತ್ತಿತ್ತು. ಮಗಳು ತಾಯಿಯ ಕೈ ಹಿಡಿದುಕೊಂಡಳು.

ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು: ಹೋದ ನಡುಭಾಗ ಮರಳಿ ಬರುವುದಿಲ್ಲ, ಉಳಿದದ್ದನ್ನು ಇಂಜೆಕ್ಷನ್ನಿನಿಂದ ಹಿಡಿದಿಡಲು ನೋಡೋಣ, ಇನ್ನೂ ತಡ ಮಾಡಿದ್ದರೆ ಅದೂ ಕಷ್ಟವಿತ್ತು. ಪರದೆ ನೋಡಿದರೆ ಏನೂ ಕೆಡುವುದಿಲ್ಲ. ಅಂದರೆ ಆಟಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಅತ್ತೆಯ ಸಿಟ್ಟು. ಅಳಿಯ ಮಾತು ಮೀರಿ ಹೇಳಿಬಿಟ್ಟನಲ್ಲ! ಊಟಕ್ಕೆ ಕರೆದರೆ ಬರುತ್ತಿದ್ದರು, ಹಾಕಿದ್ದು ತಿನ್ನುತ್ತಿದ್ದರು, ಅವನ ಜೊತೆ ಮಾತ್ರ ಬಾಯಿಗೆ ಬೀಗ. ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ, ಕೂತವನು ಒಬ್ಬ. ಇಷ್ಟು ದಿನ ಆ ಹೊತ್ತಿಗಾಗಿ ತಾನು ಷಿಫ್ಟು ಮುಗಿಯುವುದನ್ನೇ ಕಾಯುತ್ತಿದ್ದೆ ಎಂಬುದು ಅವನಿಗೆ ಈಗ ಗೊತ್ತಾಯಿತು. ಮನೆ ಬಿಕೋ ಎನ್ನುತ್ತಿತ್ತು.

ಒಂದು ದಿನ ಅವನು ಸೆಟ್ಟಿಂಗ್ ತೆಗೆದು ಕೂತ. ಹುಲ್ಲು ವಾಪಸು ಹಾಕಿದ. ನೆರಳು ಹಾಕಿದ. ಎಲೆ, ಮೋಡ, ಅಲೆ, ಹಕ್ಕಿ, ಯಾವುದನ್ನೂ ಬಿಡಲಿಲ್ಲ. ಕಂಪ್ಯೂಟರಿನ ಫ್ಯಾನು ಏದುಸಿರು ಬಿಡತೊಡಗಿತು. ಪ್ರಯಾಣಿಕನ ಕತ್ತನ್ನು ಎಷ್ಟೋ ದಿನಗಳ ಮೇಲೆ ಮೇಲೆತ್ತಿದ. ಅಬ್ಬಾ! ಇಷ್ಟೆಲ್ಲ ಇತ್ತೇ ಇಲ್ಲಿ? ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ಅತ್ತೆ, ಇಲ್ಲೊಂದು ಮರ ಇದೆ."

ಒಳಗೆ ಮಂಚ ಕಿರುಗುಟ್ಟಿತು.

"ದೊಡ್ಡ ಮರ."

ಊಹೂಂ.

"ಎಲೆ ಇವೆ ಅದರಲ್ಲಿ."

"ಎಲೆ ಇಲ್ದೆ ಟವೆಲ್ ನೇತಾಡುತ್ತಾ?" ಒಳಗಿನಿಂದ ಸಿಡುಕಿನ ದನಿ ಬಂತು. "ಎಂಥ ಎಲೆ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ಜನ್ಮದಲ್ಲಿ ಒಂದು ಎಲೆಯನ್ನು ಅಷ್ಟು ಹೊತ್ತು ನೋಡಿದವನಲ್ಲ. "ಸಣ್ಣವು. ಗಾಳಿಗೆ ತಿರುಗಿದಾಗ ಹಿಂದಿನ ಕಡೆ ಬೆಳ್ಳಗೆ ಕಾಣುತ್ತೆ. ಮೇಲೆ ಮೋಡ ಇದೆ ಅತ್ತೆ. ಇಸ್ತ್ರಿ ಮಾಡದ ಹಾಸಿಗೆ ಬಟ್ಟೆ ಥರ ಸುಕ್ಕು ಸುಕ್ಕಾಗಿ."

ಆಮೇಲೆ ಅವನು ಎರಡು ಬೆರಳಲ್ಲಿ ಕೀಲಿ ಕುಟ್ಟತೊಡಗಿದ. ಟಕ್. ಟಕ್. ಟಕ್. ಬೇಕೆಂದೇ ಸ್ವಲ್ಪ ಜೋರಾಗಿ ಕುಟ್ಟಿದನೆಂದು ನನ್ನ ಗುಮಾನಿ.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. "ಸರೀರಿ ಆಚೆ" ಎಂದರು.

ಆಮೇಲಿನ ಪ್ರಯಾಣ ಹಳೆಯದರಂತಿರಲಿಲ್ಲ. ಮೀಟರಣ್ಣ ಹೇಳುತ್ತ ಹೋದ, ಅತ್ತೆ ನಡೆಯುತ್ತ ಹೋದರು. ಎಡಕ್ಕೆ ಮುಳ್ಳು, ಬಲಕ್ಕೆ ಕಾಲುದಾರಿ, ಮುಂದೆ ಮರದ ಸೇತುವೆ, ನಡುವೆ ಒಂದು ಹಲಗೆ ಮುರಿದಿದೆ, ಹಾರಿ ಅತ್ತೆ, ಹಾರಿ! ಅತ್ತೆಯ ಬೆರಳು ಹಾರಿಸಿಬಿಡುತ್ತಿದ್ದವು. ಹೊಳೆಗೆ ಬೀಳುವುದು ನಿಂತಿತು. ಅವನ ವರ್ಣನೆ ಅತ್ತೆಗೆ ಸಾಲದೆ "ಬರೀ ಕೆಂಪು ಅಂದ್ರೆ? ಎಂಥ ಕೆಂಪು?" ಎಂದು ಟೀಚರ ದನಿಯಲ್ಲಿ ಗದರಿಸುತ್ತಿದ್ದರು. ಪಾಠ ಕೆಲಸಕ್ಕೂ ಹೋಯಿತು. ಬಾಯ್ಲರ್ ಕೋಣೆಯ ಬಾಗಿಲಾಚೆ ದಿನವೂ ಬಟ್ಟೆ ಮೂಟೆ ಹೊತ್ತು ಹೋಗುವ ಹೆಂಗಸಿನ ಗಲ್ಲದಲ್ಲಿ ಗುಳಿ ಬೀಳುತ್ತದೆ ಎಂಬುದನ್ನು ಅವನು ಇಷ್ಟು ವರ್ಷಗಳ ಮೇಲೆ ಕಂಡು ಬಂದು ಹೇಳಿದ. ಹೆಂಡತಿ ಹುಬ್ಬು ಹಾರಿಸಿ, "ನನಗೆ ಗುಳಿ ಬೀಳುತ್ತಾ ಇಲ್ವಾ, ಹೇಳಿ ನೋಡೋಣ" ಎಂದಳು. ಅವನು ತಿರುಗಿ ನೋಡಲು ಹೋದ. ಅವಳು ಎರಡೂ ಕೈಯಿಂದ ಗಲ್ಲ ಮುಚ್ಚಿಕೊಂಡಳು. ಆ ಪರೀಕ್ಷೆಯಲ್ಲಿ ಅವನು ನಪಾಸು.

ಕೊನೆಗೆ ಒಂದು ಮಧ್ಯಾಹ್ನ ಗುಡ್ಡ ಹತ್ತಿ ಮುಗಿಯಿತು. ಅಂದು ಹೆಂಡತಿಯೂ ಬೇಗ ಬಂದು ಹಿಂದೆ ನಿಂತಿದ್ದಳು. ಲೈಟ್‌ಹೌಸಿನ ಒಳಮೆಟ್ಟಿಲನ್ನು ಅತ್ತೆ ಒಂದೇ ಉಸಿರಿಗೆ, ಮಂಡಿಯ ಹಂಗಿಲ್ಲದೆ ಓಡುತ್ತ ಹತ್ತಿದರು. ಮೇಲಿನ ಬಾಗಿಲು ತೆರೆಯಿತು. ಇಡೀ ಸಮುದ್ರ, ಇಡೀ ದ್ವೀಪ, ಬಿಸಿಲು, ಅಲೆ, ನೂರಾರು ಹಕ್ಕಿ, ಎಲ್ಲವೂ ಒಟ್ಟಿಗೆ ಪರದೆಗೆ ನುಗ್ಗಿದವು. ಬಡಪಾಯಿ ಕಂಪ್ಯೂಟರು ತತ್ತರಿಸಿತು. ಚಿತ್ರ ನಿಂತು, ಹೊರಟು, ಮತ್ತೆ ನಿಂತು, ಕುಂಟುತ್ತ ಸಾಗಿತು. ಹಿಂದೆ ಆಗಿದ್ದರೆ ಅವನು ಎದ್ದು ಪ್ಲಗ್ಗು ಕಿತ್ತುಬಿಡುತ್ತಿದ್ದ.

"ಹೇಳಿ ಅಳಿಯಂದ್ರೇ" ಎಂದರು ಅತ್ತೆ.

"ನೀರು ಅತ್ತೆ. ಕಣ್ಣು ಹೋದಷ್ಟೂ ನೀರು. ಹತ್ತಿರದಲ್ಲಿ ಹಸಿರು, ದೂರ ಹೋದಂತೆ ನೀಲಿ, ತುದಿಯಲ್ಲಿ ಬಿಸಿಲು ಬಿದ್ದು ತಗಡು ಕಾದಂಗೆ ಬೆಳ್ಳಗೆ. ಕೆಳಗೆ ನಾವು ಬಂದ ದಾರಿ ಪೂರ್ತಿ ಕಾಣುತ್ತೆ. ಕೋಟೆ ಇದೆ, ನಾವು ಮೂಗು ತಾಗಿಸಿ ನಿಂತಿದ್ವಲ್ಲ, ಅದೇ ಗೋಡೆ. ಅದರಾಚೆಗೇ ಎಂಥ ಹೂವಿನ ಬಯಲು ಇತ್ತು ಅತ್ತೆ, ನಾನು ನಿಮಗೆ ತೋರಿಸ್ಲೇ ಇಲ್ಲ." ಅವನು ಮೌಸನ್ನು ಆಕಾಶದ ಕಡೆ ತಿರುಗಿಸಿದ. "ಹಕ್ಕಿಗಳು ಇವೆ. ತುಂಬ. ಹಾರ್ತಾ ಹಾರ್ತಾ ಮಧ್ಯ ನಿಲ್ತಾವೆ, ಆಮೇಲೆ ಮುಂದೆ ಹೋಗ್ತಾವೆ."

"ನಾನು ಅಡುಗೆಮನೆಗೆ ಹೋದ ಹಾಗೆ."

"ಹೂಂ. ಥೇಟ್ ನೀವೇ."

ಅತ್ತೆ ಕಣ್ಣು ಮುಚ್ಚಿಕೊಂಡರು. ಹೆಂಡತಿ ಹಿಂದಿನಿಂದ ತಾಯಿಯ ಭುಜದ ಮೇಲೆ ಕೈಯಿಟ್ಟಳು. ಮತ್ತೆ ಅತ್ತೆಯೇ ಮೆಲ್ಲಗೆ ಕೇಳಿದರು, "ಎಷ್ಟಿದೆ ಅಳಿಯಂದ್ರೇ ನಿಮ್ಮ ಅಂಕಿ?"

"ಅರವತ್ತು ಅತ್ತೆ" ಎಂದ ಅವನು. "ಗಟ್ಟಿಯಾಗಿ ನಿಂತಿದೆ."

"ಸುಳ್ಳು" ಎಂದರು ಅತ್ತೆ, ಕಣ್ಣು ತೆರೆಯದೆ, ಕಿವಿಯವರೆಗೆ ನಗುತ್ತ. "ಪ್ಲಾಸ್ಟರ್ ಇನ್ನೂ ಅಲ್ಲೇ ಇದೆ. ನಾನು ದಿನಾ ಬೆಳಿಗ್ಗೆ ಮುಟ್ಟಿ ನೋಡ್ತೀನಿ."